ತಪ್ಪಿಸಿದ ಚೆಂಡು, ಒಂದೇ ಮುಖದ ನಾಣ್ಯ

ಪೂಲ್ ಆಟದ ಸಿನಿಮಾಗಳಿಗೆ ಒಂದು ಚಟವಿದೆ. ಕೊನೆಯ ಹೊಡೆತದ ಹೊತ್ತಿಗೆ ಸುತ್ತ ನಿಂತವರು ಉಸಿರು ಬಿಗಿಹಿಡಿಯುತ್ತಾರೆ, ಕ್ಯಾಮೆರಾ ಕ್ಯೂ ತುದಿಗೆ ಇಳಿಯುತ್ತದೆ, ಬಿಳಿ ಚೆಂಡು ಮೂರು ಅಂಚಿಗೆ ಬಡಿದು ಯಾರೂ ಊಹಿಸದ ಮೂಲೆಗೆ ಇನ್ನೊಂದನ್ನು ಉರುಳಿಸುತ್ತದೆ. ನೋಡುಗ ಚಪ್ಪಾಳೆ ತಟ್ಟುತ್ತಾನೆ. ದುಡ್ಡು ಕಟ್ಟಿ ಆಡಿ ಗೊತ್ತಿರುವವನು ಮಾತ್ರ ಒಳಗೊಳಗೇ ನಗುತ್ತಾನೆ. ಪಣದ ಆಟದಲ್ಲಿ ಅಂಥ ಹೊಡೆತಕ್ಕೆ ಕೈಹಾಕಬೇಕಾಗಿ ಬಂತೆಂದರೆ ತಂತ್ರ ಮೊದಲೇ ಎಲ್ಲೋ ಕೈಕೊಟ್ಟಿರುತ್ತದೆ.

ಅಮೆರಿಕದವರು ಹಸ್ಲಿಂಗ್ ಎನ್ನುವ ವಿದ್ಯೆ ನಮಗೇನೂ ಹೊಸದಲ್ಲ. ಮಾಗಡಿ ಸೀಮೆಯ ಕೆಂಪಾಪುರದಂಥ ಊರಿನಲ್ಲಿ ಪೂಲ್ ಮೇಜು ಹುಡುಕಿದರೂ ಸಿಗಲಿಕ್ಕಿಲ್ಲ. ಆದರೆ ಕೇರಂ ಬೋರ್ಡಿನ ಮುಂದೆ ಕೂತು ಮೊದಲೆರಡು ಆಟ ಬೇಕೆಂದೇ ಸೋತು, ‘ಯಾಕೋ ಇವತ್ತು ಕೈ ಕುಂತಿಲ್ಲ ಕಣ್ಲಾ’ ಎಂದು ಗೊಣಗಿ, ಮೂರನೆಯದಕ್ಕೆ ಪಣ ಏರಿಸುವ ಆಸಾಮಿ ಯಾವ ಊರಲ್ಲಿಲ್ಲ? ಇವನ ಕುಲಗುರು ಶಕುನಿ. ಧರ್ಮರಾಯನಿಗೆ ಜೂಜೆಂದರೆ ಆಸೆ, ಆಡಲು ಬಾರದು. ಕರೆದರೆ ಒಲ್ಲೆನೆನ್ನುವುದಂತೂ ಇಲ್ಲವೇ ಇಲ್ಲ. ಇಷ್ಟು ತಿಳಿದ ಮೇಲೆ ದಾಳ ಹೇಗೆ ಬಿತ್ತೆನ್ನುವುದು ಕೊನೆಯ ಮಾತು. ಆಟ ಮುಗಿದದ್ದು ಆಮಂತ್ರಣ ಹೋದ ದಿನವೇ.

ಈ ಪರಂಪರೆಯ ಮೂಲಚಿತ್ರ, ರಾಬರ್ಟ್ ರಾಸನ್ ನಿರ್ದೇಶನದ ‘ದಿ ಹಸ್ಲರ್’ (1961), ಇದನ್ನು ಅರಿತಿತ್ತು. ವಾಲ್ಟರ್ ಟೆವಿಸ್‌ನ ಕಾದಂಬರಿ ಆಧರಿಸಿದ ಈ ಚಿತ್ರದಲ್ಲಿ ಪಾಲ್ ನ್ಯೂಮನ್ನನ ಎಡ್ಡಿ ಮೊದಲ ಸಲ ಮಿನೆಸೋಟ ಫ್ಯಾಟ್ಸ್‌ಗೆ ಸೋಲುವುದು ಕೈಚಳಕ ಸಾಲದೆ ಅಲ್ಲ. ಗೆಲ್ಲುತ್ತಿದ್ದಾಗ ಎದ್ದು ಹೋಗಲಾರದೆ. ಫ್ಯಾಟ್ಸ್ ನಡುವೆ ಎದ್ದು ಮುಖ ತೊಳೆದು, ಕೋಟು ತೊಟ್ಟು, ಈಗ ತಾನೇ ಬಂದವನಂತೆ ಮೇಜಿನ ಬಳಿ ನಿಲ್ಲುತ್ತಾನಲ್ಲ, ಇಡೀ ಚಿತ್ರದ ಅತಿ ದೊಡ್ಡ ಹೊಡೆತ ಅದೇ. ಅವರು ಆಡುವ ಸ್ಟ್ರೇಟ್ ಪೂಲ್‌ನಲ್ಲಿ ಚೆಂಡಿಗೊಂದು ಅಂಕ. ನೂರಾರು ಸಾದಾ ಹೊಡೆತಗಳು ಒಂದರ ಮೇಲೊಂದು ಕೂಡುತ್ತ ಹೋಗುತ್ತವೆ. ಅಲ್ಲಿ ‘ಆ ಒಂದು’ ಕೊನೆಯ ಹೊಡೆತಕ್ಕೆ ಜಾಗವೇ ಇಲ್ಲ. ಹಾಗಾಗಿ ರಾಸನ್ ಅಂತ್ಯವನ್ನು ಮೇಜಿನಿಂದಾಚೆ ಕಟ್ಟಿದ: ಫ್ಯಾಟ್ಸ್ ಸೋಲೊಪ್ಪಿದ ಮೇಲೂ ಚಿತ್ರ ಮುಗಿಯದೆ, ಪಾಲು ಕೇಳುವ ತನ್ನ ಮ್ಯಾನೇಜರ್ ಬರ್ಟ್ ಗಾರ್ಡನ್‌ನ ಎದುರು ಎಡ್ಡಿ ನಿಲ್ಲುತ್ತಾನೆ.

ಇಪ್ಪತ್ತೈದು ವರ್ಷದ ನಂತರ ಸ್ಕೋರ್ಸೆಸಿ ‘ದಿ ಕಲರ್ ಆಫ್ ಮನಿ’ (1986) ತೆಗೆಯುವಾಗ ಆಟ ನೈನ್‌ಬಾಲ್ ಆಗಿತ್ತು. ಮೇಜಿನ ಮೇಲಿನ ಅತಿ ಚಿಕ್ಕ ಅಂಕಿಯ ಚೆಂಡಿಗೆ ಮೊದಲು ತಾಗಿಸಬೇಕು. ಆದರೆ ಒಂಬತ್ತನೆಯದು ಯಾವಾಗ ಬಿದ್ದರೂ ಆಟ ನಿಮ್ಮದು. ಸಿನಿಮಾಕ್ಕೆಂದೇ ಹೊಲಿಸಿದಂಥ ನಿಯಮ. ಅಗ್ಗದ ನಿರ್ದೇಶಕನಾಗಿದ್ದರೆ ಆ ಒಂಬತ್ತನ್ನು ಉರುಳಿಸಿ ಪರದೆ ಎಳೆಯುತ್ತಿದ್ದ. ಸ್ಕೋರ್ಸೆಸಿ ಮಾಡಿದ್ದೇ ಬೇರೆ. ಅಟ್ಲಾಂಟಿಕ್ ಸಿಟಿಯ ಪಂದ್ಯದಲ್ಲಿ ಮುದಿ ಎಡ್ಡಿ ತನ್ನ ಶಿಷ್ಯ ವಿನ್ಸೆಂಟ್‌ನನ್ನು ಸೋಲಿಸುತ್ತಾನೆ, ಹಿಗ್ಗುತ್ತಾನೆ. ಆಮೇಲೆ ಶಿಷ್ಯ ಕೈಗೊಂದು ಲಕೋಟೆ ಇಡುತ್ತಾನೆ. ಹೊರಗಿನ ಬೆಟ್ಟಿಂಗ್‌ಗಾಗಿ ಬೇಕೆಂದೇ ಸೋತದ್ದು. ಇದು ಗುರುವಿನ ಪಾಲು. ಇಡೀ ಪರಂಪರೆಯಲ್ಲಿ ನನಗೆ ಅತ್ಯುತ್ತಮವೆನಿಸುವ ಹೊಡೆತ ಹೀಗೆ ಗುರಿ ತಪ್ಪಿಸಿದ್ದು, ಅದೂ ನೋಡುವಾಗ ನಮಗೇ ತಿಳಿಯದಂತೆ. ಎಡ್ಡಿ ದುಡ್ಡು ಹಿಂದಿರುಗಿಸಿ ಮತ್ತೊಂದು ಆಟಕ್ಕೆ ಕರೆಯುತ್ತಾನೆ, ಚೆಂಡುಗಳ ಗುಂಪು ಒಡೆಯುತ್ತಾನೆ, ಚಿತ್ರ ಅಲ್ಲಿಗೇ ನಿಲ್ಲುತ್ತದೆ. ಗೆದ್ದವರಾರು? ಹೇಳುವುದಿಲ್ಲ.

‘ಪೂಲ್‌ಹಾಲ್ ಜಂಕೀಸ್’ (2002) ಮುಂತಾದ ನಂತರದ ಚಿತ್ರಗಳು ಈ ಪಾಠ ಮರೆತವು. ಬೆಳೆಸಿದವನೇ ಎದುರಾಳಿಯನ್ನು ತಂದು ನಿಲ್ಲಿಸುತ್ತಾನೆ, ಬೆನ್ನಿಗೆ ದುಡ್ಡಿರುವ ಹಿರಿಯನೊಬ್ಬ ನಿಲ್ಲುತ್ತಾನೆ, ಎಲ್ಲ ಸರಿ. ಕ್ರಿಸ್ಟೋಫರ್ ವಾಕನ್ ಮಾತಾಡಲು ಶುರುಮಾಡಿದರೆ ಕಣ್ಣು ಕೀಳಲಾಗದು. ಆದರೆ ಮನಸ್ಸು ಓದುವ ವಿದ್ಯೆಯನ್ನು ಕಸರತ್ತು ಪಕ್ಕಕ್ಕೆ ತಳ್ಳುತ್ತದೆ.

ಬೆಂಗಳೂರಿನಲ್ಲಿ ಕ್ಯೂ ಹಿಡಿದವರಿಗೆ ಬರವಿಲ್ಲ. ಸ್ನೂಕರಿಗೆ 1882ರಲ್ಲಿ ನಿಯಮ ಬರೆದಿಟ್ಟ ಊಟಿ ಪಕ್ಕದಲ್ಲೇ ಇದೆ. ಅರವಿಂದ ಸವೂರ್ ಕೈಯಲ್ಲಿ ಪಳಗಿದ ಪಂಕಜ್ ಅಡ್ವಾಣಿ ಎರಡು ಡಜನ್‌ಗೂ ಮೀರಿ ವಿಶ್ವ ಪ್ರಶಸ್ತಿ ಗೆದ್ದರು. ಅವರ ಆಟದಲ್ಲಿ ಕೊನೆಯ ಚೆಂಡು ಬಹುಪಾಲು ನೀರಸ, ಏಕೆಂದರೆ ಹಿಂದಿನ ಹೊಡೆತದಲ್ಲೇ ಬಿಳಿ ಚೆಂಡನ್ನು ಬೇಕಾದಲ್ಲಿ ತಂದು ನಿಲ್ಲಿಸಿರುತ್ತಾರೆ. ಆದರೆ ಇದು ಸಂಘ, ಕ್ಲಬ್ಬುಗಳಲ್ಲಿ ಬೆಳೆದ ಶಿಸ್ತು. ಠಕ್ಕಿನ ಕಥೆ ಇಲ್ಲಿ ಬೇರುಬಿಡಲಿಲ್ಲ. ನಮ್ಮ ಸಿನಿಮಾದಲ್ಲಿ ಈ ಮೇಜು ಬಂದರೆ ಹೆಚ್ಚಾಗಿ ಖಳನ ಅಡ್ಡೆಯ ಪೀಠೋಪಕರಣವಾಗಿ, ಇಲ್ಲವೇ ಹೊಡೆದಾಟದಲ್ಲಿ ಮುರಿಯಲು ಕೋಲು ಬೇಕೆಂದು.

ಠಕ್ಕಿನ ದೊಡ್ಡ ಚಿತ್ರ ಮಾತ್ರ ನಮ್ಮ ಬಂಡೆಗಳ ನಡುವೆಯೇ ಆಯಿತು. ಮೈಸೂರು ರಸ್ತೆಯಲ್ಲಿ ಹೋಗುವವರು ಕತ್ತು ಹೊರಳಿಸಿ ನೋಡುವ ರಾಮನಗರದ ರಾಮದೇವರ ಬೆಟ್ಟದಲ್ಲಿ 1973ರ ಅಕ್ಟೋಬರಿನಿಂದ ಚಿತ್ರೀಕರಣಗೊಂಡು, 1975ರ ಆಗಸ್ಟ್ 15ರಂದು ತೆರೆಕಂಡ ‘ಶೋಲೆ’. ಡಕಾಯಿತರ ಚಿತ್ರ, ಸೇಡಿನ ಚಿತ್ರ ಎಂದೆಲ್ಲ ಬರೆದವರಿದ್ದಾರೆ. ಜೈ ಎಂಬ ಪಾತ್ರದ ಮಟ್ಟಿಗೆ ಅದು ಜೂಜುಕೋರನ ಚಿತ್ರ. ಗುಂಡು ಮುಗಿಯುತ್ತ ಬಂದು, ಒಬ್ಬ ಸೇತುವೆಯ ಬಳಿ ಉಳಿದು ಇನ್ನೊಬ್ಬ ಹೋಗಬೇಕಾದಾಗ ಜೈ ನಾಣ್ಯ ಚಿಮ್ಮುತ್ತಾನೆ, ಗೆಲ್ಲುತ್ತಾನೆ, ಉಳಿಯುತ್ತಾನೆ. ಅವನು ಸತ್ತ ಮೇಲೆ ಗೆಳೆಯ ವೀರುಗೆ ತಿಳಿಯುತ್ತದೆ, ಎರಡೂ ಬದಿಗೆ ಒಂದೇ ಮುಖ.

ಸಲೀಂ-ಜಾವೇದ್ ಬರವಣಿಗೆಯ ಜಾಣತನ ಇರುವುದು ಹಿಂದಕ್ಕೆ ತಿರುಗಿ ನೋಡಿದಾಗ. ಗಾಯಗೊಂಡ ಪೊಲೀಸ್ ಅಧಿಕಾರಿ ಠಾಕೂರನನ್ನು ಆಸ್ಪತ್ರೆಗೆ ಒಯ್ಯುವುದೋ ಓಡಿಹೋಗುವುದೋ ಎಂದು ಮೊದಲೊಮ್ಮೆ ಚಿಮ್ಮಿದ್ದೂ ಇದೇ ನಾಣ್ಯ. ವಿಧಿಗೆ ಬಿಟ್ಟೆವೆಂದು ವೀರು ನಂಬಿದ್ದೆಲ್ಲ ಜೈ ತೀರ್ಮಾನ. ಈ ಮೋಸ ನಿಂತಿರುವುದು ಒಂದೇ ಷರತ್ತಿನ ಮೇಲೆ: ‘ಕೊಡಿಲ್ಲಿ, ನಾನು ಚಿಮ್ಮುತ್ತೇನೆ’ ಎಂದು ವೀರು ಒಮ್ಮೆಯೂ ಕೈ ಚಾಚಬಾರದು. ಶಕುನಿ ಎದುರಾಳಿಯ ಆಸೆಯನ್ನು ಬಂಡವಾಳ ಮಾಡಿಕೊಂಡ, ವಿನ್ಸೆಂಟ್ ಗುರುವಿನ ಅಹಂಕಾರವನ್ನು. ಜೈ ಗೆಳೆಯನ ನಂಬಿಕೆಯನ್ನು. ವ್ಯತ್ಯಾಸವೆಂದರೆ ಇಲ್ಲಿ ಗೆದ್ದವನಿಗೆ ಸಿಗುವ ಪಣ ಸಾವು.

ಹಾಗೆಂದು ‘ಶೋಲೆ’ಯನ್ನು ಪೂರ್ತಿ ಹೊಗಳಲಾರೆ. ಬದುಕಿನ ನಿರ್ಧಾರಗಳಲ್ಲಿ ತನಗೆಂದೂ ಪಾಲಿರಲಿಲ್ಲ ಎಂದು ಒಬ್ಬ ಮನುಷ್ಯನಿಗೆ ಗೊತ್ತಾಗುವ ಗಳಿಗೆ ಅದು. ಕೃತಜ್ಞತೆಯ ಜೊತೆಗೆ ಸಿಟ್ಟೂ ಹುಟ್ಟಬೇಕಿತ್ತು, ಸತ್ತವನ ಮೇಲೆ. ವೀರುವಿನ ಸಿಟ್ಟನ್ನೆಲ್ಲ ಚಿತ್ರ ಡಕಾಯಿತ ಗಬ್ಬರನ ಕಡೆಗೆ ತಿರುಗಿಸಿ ಕುದುರೆ ಓಡಿಸುತ್ತದೆ. ಲಕೋಟೆ ಕೈಗೆ ಬಂದಾಗ ಎಡ್ಡಿಗೆ ಸ್ಕೋರ್ಸೆಸಿ ಕೊಟ್ಟ ಅವಮಾನದ ಸಮಯವನ್ನು ‘ಶೋಲೆ’ಯ ನಿರ್ದೇಶಕ ಸಿಪ್ಪಿ ವೀರುಗೆ ಕೊಡಲಿಲ್ಲ.