ತಕಾಟಾದ ಗಾಳಿಚೀಲ ಮತ್ತು ಪಣಂಬೂರಿನ ಹವೆ

ಪಣಂಬೂರಿನ ಕಡಲತೀರದಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ ನಿಲ್ಲಿಸಿಟ್ಟ ಕಾರಿನ ಬಾಗಿಲು ತೆರೆದು ನೋಡಿ. ಬಿಸಿ ಹವೆ ಮುಖಕ್ಕೆ ರಾಚುತ್ತದೆ. ರಾತ್ರಿ ಅದೇ ಕಾರು ತಣ್ಣಗಾಗುತ್ತದೆ, ಗಾಜಿನ ಮೇಲೆ ತೇವ ಕೂರುತ್ತದೆ. ಇದೇ ಪಣಂಬೂರಿನಲ್ಲಿ 1976ರಲ್ಲಿ ಉತ್ಪಾದನೆ ಆರಂಭಿಸಿದ ರಸಗೊಬ್ಬರ ಕಾರ್ಖಾನೆಯಿದೆ. ಯೂರಿಯಾ ಚೀಲದ ಬಾಯಿ ಕಟ್ಟದೆ ಬಿಟ್ಟರೆ ಮಳೆಗಾಲದಲ್ಲಿ ಏನಾಗುತ್ತದೆಂದು ಈ ಭಾಗದ ಯಾವ ರೈತರನ್ನು ಕೇಳಿದರೂ ಹೇಳುತ್ತಾರೆ. ಜಪಾನಿನ ತಕಾಟಾ ಕಂಪನಿಯ ಪತನವನ್ನು ಅರ್ಥಮಾಡಿಕೊಳ್ಳಲು ಇಷ್ಟು ಅನುಭವ ಸಾಕು.

ತಕಾಟಾ 1933ರಲ್ಲಿ ನೇಯ್ಗೆ ಉದ್ಯಮವಾಗಿ ಹುಟ್ಟಿತು. ಪ್ಯಾರಾಚೂಟಿನ ಹಗ್ಗ ನೇಯುತ್ತಿದ್ದ ಕಂಪನಿ 1960ರಲ್ಲಿ ಸೀಟ್‌ಬೆಲ್ಟಿಗೆ, 80ರ ದಶಕದಲ್ಲಿ ಏರ್‌ಬ್ಯಾಗ್ ಎಂಬ ಗಾಳಿಚೀಲಕ್ಕೆ ಬಂತು. ಒಂದು ಕಾಲಕ್ಕೆ ಜಗತ್ತಿನ ಗಾಳಿಚೀಲಗಳಲ್ಲಿ ಸುಮಾರು ಐದನೇ ಒಂದು ಪಾಲು ಇದರದ್ದೇ. 2017ರ ಜೂನ್ 26ರಂದು ಅದು ದಿವಾಳಿ ಅರ್ಜಿ ಸಲ್ಲಿಸಿತು.

ಲಾಭದ ಆಸೆಯೇ ಕಾರಣವೆಂಬ ವಿವರಣೆ ತಪ್ಪಲ್ಲ, ಆದರೆ ಅರ್ಧ. ಉಳಿದರ್ಧ ಭೌತವಿಜ್ಞಾನದಲ್ಲಿದೆ.

ಅಪಘಾತವಾದಾಗ ಚೀಲವು ಸೆಕೆಂಡಿನ ಸುಮಾರು ಮೂವತ್ತನೇ ಒಂದು ಭಾಗದಲ್ಲಿ ಉಬ್ಬಬೇಕು. ಅದಕ್ಕಾಗಿ ಲೋಹದ ಡಬ್ಬಿಯೊಳಗೆ ಒತ್ತಿ ಮಾಡಿದ ರಾಸಾಯನಿಕ ಗುಳಿಗೆಗಳು ಉರಿದು ಅನಿಲ ಕೊಡುತ್ತವೆ. 2000ದ ಆಸುಪಾಸಿನಲ್ಲಿ ತಕಾಟಾ ದುಬಾರಿ ಟೆಟ್ರಜೋಲ್ ಬಿಟ್ಟು ಅಗ್ಗದ ಅಮೋನಿಯಂ ನೈಟ್ರೇಟ್ ಹಿಡಿಯಿತು. ಈ ಲವಣದ ಸ್ಫಟಿಕ ರಚನೆ ಸುಮಾರು 32 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬದಲಾಗುತ್ತದೆ. ಗಾತ್ರವೂ ಶೇಕಡ 3-4ರಷ್ಟು ವ್ಯತ್ಯಾಸವಾಗುತ್ತದೆ. ನಮ್ಮ ಕರಾವಳಿಯಲ್ಲಿ ನಿಂತ ಕಾರು ಈ ಗಡಿಯನ್ನು ದಿನಕ್ಕೆರಡು ಬಾರಿ ದಾಟುತ್ತದೆ. ಕಂಪನಿಯ ರಸಾಯನವಿಜ್ಞಾನಿಗಳಿಗೆ ಇದು ತಿಳಿದೇ ಇತ್ತು. ಪೊಟ್ಯಾಸಿಯಂ ನೈಟ್ರೇಟ್ ಬೆರೆಸಿ ಈ ಬದಲಾವಣೆಯನ್ನು ತಡೆದರು. ಅದು ಒಳ್ಳೆಯ ಕೆಲಸವೇ.

ಆದರೆ ಶತ್ರು ಬೇರೆ ಬಾಗಿಲಿನಿಂದ ಬಂದ. ಅಮೋನಿಯಂ ನೈಟ್ರೇಟ್ ನೀರಾವಿಯನ್ನು ಹೀರುತ್ತದೆ. ಡಬ್ಬಿಯೊಳಗೆ ನುಸುಳಿದ ತೇವ, ವರ್ಷಗಟ್ಟಲೆ ಬಿಸಿ-ತಂಪುಗಳ ಆವರ್ತನ, ಇವೆರಡೂ ಸೇರಿ ಗುಳಿಗೆ ಊದಿ ಸಡಿಲವಾಯಿತು. ಗಟ್ಟಿ ಗುಳಿಗೆ ಹೊರಮೈಯಿಂದ ಒಳಕ್ಕೆ ಕ್ರಮವಾಗಿ ಉರಿಯುತ್ತದೆ. ರಂಧ್ರಮಯ ಗುಳಿಗೆಯಲ್ಲಿ ಜ್ವಾಲೆ ಒಳಗೂ ನುಗ್ಗುತ್ತದೆ. ಉರಿಯುವ ಮೇಲ್ಮೈ ಹೆಚ್ಚಿದರೆ ಒತ್ತಡ ಏರುತ್ತದೆ, ಒತ್ತಡ ಏರಿದರೆ ಉರಿಯುವ ವೇಗವೂ ಏರುತ್ತದೆ. ಕೊನೆಗೆ ಡಬ್ಬಿಯೇ ಸಿಡಿದು ಲೋಹದ ಚೂರುಗಳು ಪ್ರಯಾಣಿಕರ ಕುತ್ತಿಗೆ, ಮುಖಗಳಿಗೆ ನಾಟಿದವು. ಅಮೆರಿಕ ಒಂದರಲ್ಲೇ ಕನಿಷ್ಠ 28 ಮಂದಿ ಸತ್ತರು. ತೇವ-ಸೆಕೆಯ ಮಲೇಷ್ಯಾದಲ್ಲೂ ಸಾವುಗಳಾದವು. 2016ರ ಸ್ವತಂತ್ರ ತನಿಖೆ ಮೂರನ್ನು ಹೆಸರಿಸಿತು: ತೇವಹೀರಕ ಬೆರೆಸದ ಅಮೋನಿಯಂ ನೈಟ್ರೇಟ್, ತೇವ ನುಸುಳಲು ಎಡೆಕೊಟ್ಟ ಡಬ್ಬಿಯ ವಿನ್ಯಾಸ, ಬಿಸಿ-ತೇವಗಳ ಹವೆ.

ನನ್ನ ಮುಖ್ಯ ಆಕ್ಷೇಪ ಇರುವುದು ಪರೀಕ್ಷೆಗಳ ಬಗ್ಗೆ. ಡಬ್ಬಿ ಹೊಸದಿದ್ದಾಗ ಮಾಡಿದ ಪರೀಕ್ಷೆ ಹತ್ತು ವರ್ಷ ಹಳೆಯ ಡಬ್ಬಿಯ ಬಗ್ಗೆ ಬಹಳ ಕಡಿಮೆ ಹೇಳುತ್ತದೆ. ಅದಕ್ಕಿಂತ ಕೆಟ್ಟದ್ದು, ಆ ಪರೀಕ್ಷೆಯಲ್ಲೂ ಬಂದ ಕೆಟ್ಟ ಅಂಕಿಗಳನ್ನು ತಿದ್ದಿ ಕಾರು ತಯಾರಕರಿಗೆ ಕೊಟ್ಟದ್ದು. 2017ರಲ್ಲಿ ಕಂಪನಿ ಅಮೆರಿಕದ ನ್ಯಾಯಾಲಯದಲ್ಲಿ ವಂಚನೆಯನ್ನು ಒಪ್ಪಿಕೊಂಡಿತು. ದಂಡ ಮತ್ತು ಪರಿಹಾರ ಸೇರಿ 100 ಕೋಟಿ ಡಾಲರ್. ನಮ್ಮ ಕಾಲೇಜು ಪ್ರಯೋಗಾಲಯಗಳಲ್ಲಿ ಲೋಲಕದ ಪ್ರಯೋಗಕ್ಕೆ 9.8 ಬರುವಂತೆ ಹಿಂದಿನಿಂದ ಲೆಕ್ಕ ಹಾಕಿ ರೀಡಿಂಗ್ ಬರೆಯುವ ಅಭ್ಯಾಸ ಶಿಕ್ಷಕರಾದ ನಿಮಗೆ ಹೊಸದಲ್ಲ. ಆ ರೆಕಾರ್ಡ್‌ಗಳಿಗೆ ಪೂರ್ಣ ಅಂಕ ಕೊಟ್ಟವರಲ್ಲಿ ನಾನೂ ಒಬ್ಬ.

ಕಂಪನಿಯ ಆಸ್ತಿಯನ್ನು 2018ರಲ್ಲಿ ಚೀನೀ ಒಡೆತನದ ಸಂಸ್ಥೆಯೊಂದು ಕೊಂಡಿತು. ಡಬ್ಬಿಗಳು ಮಾತ್ರ ಕಾರುಗಳಲ್ಲಿ ಉಳಿದವು. ಫ್ರಾನ್ಸಿನಲ್ಲಿ ಸೆಕೆ ಹೆಚ್ಚಿರುವ ದಕ್ಷಿಣಕ್ಕೆ ಮೊದಲ ಆದ್ಯತೆ ಕೊಡಲಾಗಿತ್ತು; 2025ರ ಜೂನ್‌ನಲ್ಲಿ ಸಾವಾದದ್ದು ಉತ್ತರದ ರೀಮ್ಸ್‌ನಲ್ಲಿ. ಭಾರತದಲ್ಲಿಯೂ ಹೋಂಡಾ ಕಂಪನಿ 2016ರ ಜುಲೈಯಲ್ಲಿ ಸುಮಾರು 1.9 ಲಕ್ಷ ಕಾರುಗಳನ್ನು ಈ ಡಬ್ಬಿ ಬದಲಿಸಲು ವಾಪಸು ಕರೆಯಿತು. ಹಳೆಯ ಕಾರು ಕೈ ಬದಲಾದಾಗ ಇಂತಹ ಕರೆಪತ್ರ ಮೊದಲ ಮಾಲೀಕರ ವಿಳಾಸದಲ್ಲೇ ಉಳಿಯಬಹುದು. ನೀವು ಸೆಕೆಂಡ್‌ಹ್ಯಾಂಡ್ ಕಾರು ಕೊಂಡಿದ್ದರೆ ಚಾಸಿಸ್ ಸಂಖ್ಯೆಯನ್ನು ಆ ಕಂಪನಿಯ ಸರ್ವೀಸ್ ಕೇಂದ್ರದಲ್ಲಿ ಕೊಟ್ಟು ವಿಚಾರಿಸಿ.