‘ಗಿಮ್ಮಿ ಶೆಲ್ಟರ್’: ಒಂದು ಸಾಕ್ಷ್ಯಚಿತ್ರದ ವಿಮರ್ಶೆ

ರಾಕ್ ಗಾಯಕರನ್ನು ಕುರಿತ ಸಾಕ್ಷ್ಯಚಿತ್ರಗಳು ಬಹುಮಟ್ಟಿಗೆ ಸ್ತುತಿಪಾಠಗಳು. ಮೇಸಲ್ಸ್ ಸೋದರರೂ ಷಾರ್ಲಟ್ ಜ್ವೆರಿನ್ ಅವರೂ ಕೂಡಿ ನಿರ್ದೇಶಿಸಿದ ‘ಗಿಮ್ಮಿ ಶೆಲ್ಟರ್’ (1970) ಆ ಜಾತಿಗೆ ಸೇರದು. ನಾನು ಮತ್ತೆ ಮತ್ತೆ ನೋಡಿರುವುದೂ ಅದನ್ನೇ. ರೋಲಿಂಗ್ ಸ್ಟೋನ್ಸ್ ತಂಡದ 1969ರ ಅಮೆರಿಕ ಪ್ರವಾಸವೇ ಅದರ ವಸ್ತು. ಡಿಸೆಂಬರ್ 6ರಂದು ಕ್ಯಾಲಿಫೋರ್ನಿಯದ ಆಲ್ಟಮಾಂಟ್ ಮೋಟಾರು ಪಂದ್ಯದ ಮೈದಾನದಲ್ಲಿ ಉಚಿತ ಕಚೇರಿ. ವೇದಿಕೆಯ ಕಾವಲಿಗೆ ಹೆಲ್ಸ್ ಏಂಜೆಲ್ಸ್ ಎಂಬ ಮೋಟಾರು ಸೈಕಲ್ ಪಟಾಲಂ. ಅವರಲ್ಲೊಬ್ಬನ ಚೂರಿಗೆ ಮೆರೆಡಿತ್ ಹಂಟರ್ ಎಂಬ 18 ವರ್ಷದ ಕಪ್ಪು ಜನಾಂಗದ ತರುಣ ಬಲಿಯಾದ.

ಈ ದುರಂತದ ಸುದ್ದಿ ಚಿತ್ರದ ಆರಂಭದಲ್ಲೇ ತಿಳಿದುಬಿಡುತ್ತದೆ. ಆದಕಾರಣ ಮುಂದಿನ ಹಾಡು, ಕುಣಿತ, ವಕೀಲರ ದೂರವಾಣಿ ವ್ಯವಹಾರ, ಎಲ್ಲದರ ಮೇಲೂ ಅದರ ನೆರಳು. ಕಡೆಗೆ ಗಾಯಕ ಮಿಕ್ ಜ್ಯಾಗರ್ ಸಂಕಲನದ ಮೇಜಿನೆದುರು ಕುಳಿತು ಆ ತುಣುಕನ್ನು ನೋಡುತ್ತಾನೆ. ಹಂಟರನ ಕೈಯ ಪಿಸ್ತೂಲು ಗೆಳತಿಯ ತಿಳಿಬಣ್ಣದ ಉಡುಪಿನೆದುರು ಕ್ಷಣಮಾತ್ರ ಕಪ್ಪಗೆ ಕಾಣುತ್ತದೆ. ಇದೇ ತುಣುಕನ್ನು ನ್ಯಾಯಾಲಯದಲ್ಲಿ ತೋರಿಸಲಾಯಿತು. ಇರಿದವನು ಆತ್ಮರಕ್ಷಣೆಯ ಆಧಾರದ ಮೇಲೆ 1971ರಲ್ಲಿ ಖುಲಾಸೆಯಾದ.

ದೃಶ್ಯ ಅದ್ಭುತವೆಂಬುದರಲ್ಲಿ ಸಂದೇಹವಿಲ್ಲ. ನನ್ನ ಆಕ್ಷೇಪವೂ ಅಲ್ಲಿಯೇ. ಡೇವಿಡ್ ಮೇಸಲ್ಸ್ ಆ ಮೇಜಿನ ಬಳಿ ತೋರಿಸುವವನಾಗಿದ್ದಾನೆ, ಉತ್ತರ ಹೇಳುವವನಾಗಿಲ್ಲ. (ಬ್ಯಾಂಕಿನಲ್ಲಿ ಲೆಕ್ಕ ಬರೆದವನೇ ಅದರ ತನಿಖೆಗೆ ಕೂರುವಂತಿಲ್ಲ.) ಸತ್ತವನು ಯಾರ ಮಗ, ಯಾವ ಊರಿನವನು ಎಂದು ಚಿತ್ರ ಒಮ್ಮೆಯೂ ಕೇಳುವುದಿಲ್ಲ. ಕೇಳಿದ್ದು ಸ್ಯಾಮ್ ಗ್ರೀನ್, 2006ರಲ್ಲಿ: ಹೆಸರುಗಲ್ಲಿಲ್ಲದ ಹಂಟರನ ಸಮಾಧಿಯನ್ನು ಕುರಿತ ‘ಲಾಟ್ 63, ಗ್ರೇವ್ ಸಿ’ ಎಂಬ ಕಿರುಚಿತ್ರದಲ್ಲಿ. ದೊಡ್ಡ ಚಿತ್ರವನ್ನು ಮೆಚ್ಚುವವರು ಇದನ್ನೂ ಕೂಡಿಸಿಯೇ ನೋಡತಕ್ಕದ್ದು.