ಸುವರ್ಣ ಅನುಪಾತದ ಸ್ವರ ಕೇಳುವ ಬಗೆ

ಧರ್ಮಸ್ಥಳ ಮೇಳದ ಯಕ್ಷಗಾನ ಆಟಕ್ಕೆ ಹೊಸದಾಗಿ ಹೋಗುವವರ ಕಣ್ಣೆಲ್ಲ ವೇಷಗಳ ಮೇಲಿರುತ್ತದೆ. ಒಂದು ರಾತ್ರಿ ಹಿಮ್ಮೇಳದ ಹತ್ತಿರ ಕುಳಿತು ನೋಡಿ. ಭಾಗವತರು ತಮ್ಮ ಶ್ರುತಿ ಹೇಳಿದೊಡನೆ ಮದ್ದಳೆಗಾರರು ಮುಚ್ಚಿಗೆಯ ಅಂಚನ್ನು ಮೆಲ್ಲನೆ ತಟ್ಟುತ್ತ, ಬೆರಳಿನಿಂದ ನುಡಿಸಿ ಕೇಳುತ್ತ, ಅದನ್ನು ಷಡ್ಜಕ್ಕೆ ತರುತ್ತಾರೆ. ಕಿವಿಯ ಮೊದಲ ಪಾಠ ಅಲ್ಲಿದೆ.

ಷಡ್ಜ ಸೆಕೆಂಡಿಗೆ 240 ಕಂಪನವಾದರೆ ಪಂಚಮ 360, ಅಂದರೆ 3/2. ಚತುಃಶ್ರುತಿ ಧೈವತ 400, ಅಂದರೆ 5/3. ಶುದ್ಧ ಧೈವತ 384, ಅಂದರೆ 8/5. ಈ 3, 5, 8 ನಮ್ಮ ಛಂದಸ್ಸಿನಲ್ಲೂ ಇವೆ. ಪ್ರಸಂಗಗಳ ಭಾಮಿನಿ ಷಟ್ಪದಿಯಲ್ಲಿ ಬರುವ ಮೂರು ಮಾತ್ರೆಯ ಗಣವನ್ನು ಲಘು ಗುರುಗಳಿಂದ 3 ಬಗೆಯಲ್ಲಿ ಕಟ್ಟಬಹುದು, ನಾಲ್ಕರದನ್ನು 5 ಬಗೆಯಲ್ಲಿ, ವಾರ್ಧಕದ ಐದರದನ್ನು 8 ಬಗೆಯಲ್ಲಿ. ಹಿಂದಿನ ಎರಡನ್ನು ಕೂಡಿದರೆ ಮುಂದಿನದು ಸಿಗುತ್ತದೆಂಬ ಈ ನಿಯಮವನ್ನು 12ನೇ ಶತಮಾನದ ಜೈನ ಆಚಾರ್ಯ ಹೇಮಚಂದ್ರ ಬರೆದಿಟ್ಟಿದ್ದಾನೆ. ಸಾಲು ಮುಂದುವರಿದಂತೆ ಅಕ್ಕಪಕ್ಕದ ಸಂಖ್ಯೆಗಳ ಅನುಪಾತ 1.618ಕ್ಕೆ ಹತ್ತಿರವಾಗುತ್ತ ಹೋಗುತ್ತದೆ. ಅದೇ ಸುವರ್ಣ ಅನುಪಾತ.

ಈಗ ತಂಬೂರಿ ಆ್ಯಪಿನಲ್ಲಿ 240ರ ಷಡ್ಜ ಹಿಡಿದು, ಇನ್ನೊಂದು ಫೋನಿನಿಂದ ಅದರ 1.618 ಪಟ್ಟು, ಅಂದರೆ ಸುಮಾರು 388 ಕಂಪನದ ನಾದ ಹೊರಡಿಸಿ. ಎರಡು ಧೈವತಗಳ ನಡುವೆ ಬೀಳುವ ಈ ಸ್ವರ ಷಡ್ಜದೊಡನೆ ಎಲ್ಲಿಯೂ ಪೂರ್ತಿ ಕೂಡುವುದಿಲ್ಲ. ಮೊದಲಿಗೆ ಅಪಸ್ವರವೆನಿಸುತ್ತದೆ, ಅವಸರಪಡಬೇಡಿ. ಎರಡು ನಾದ ಜೋರಾಗಿ ಒಟ್ಟಿಗೆ ನುಡಿದಾಗ ಅವುಗಳ ವ್ಯತ್ಯಾಸದ ನಾದವೂ ಕಿವಿಯೊಳಗೆ ಹುಟ್ಟುತ್ತದೆ. 388ರಲ್ಲಿ 240 ಕಳೆದರೆ 148. ಆ 148ನ್ನು 1.618ರಿಂದ ಗುಣಿಸಿ, ಮತ್ತೆ ಸುಮಾರು 240 ಬರುತ್ತದೆ. 240ನ್ನೂ 388ನ್ನೂ ಕೂಡಿದರೆ 628, ಅದೂ ಇದೇ ಸರಣಿಯ ಮುಂದಿನ ಮೆಟ್ಟಿಲು. ಈ ನಾದಗಳೆಲ್ಲ ಒಂದೇ ಮನೆಯವು! ಸುವರ್ಣ ಸ್ವರಶ್ರೇಣಿಯ ನಿಜವಾದ ಸೊಗಸು ಇದು, ನನಗಂತೂ ಇದು ಗಣಿತಕ್ಕಿಂತ ಸಂಗೀತದ ಮಾತು.

ಜರ್ಮನಿಯ ಇಂಜಿನಿಯರ್ ಹೈನ್ಸ್ ಬೋಲೆನ್ ಈ ಗುಣವನ್ನೇ ನೆಚ್ಚಿ 833 ಸೆಂಟಿನ ಶ್ರೇಣಿಯನ್ನು ಕಟ್ಟಿದ. ಸೆಂಟ್ ಎಂದರೆ ಸ್ವರಗಳ ಅಂತರದ ಅಳತೆ, 1.618ರ ಅಂತರ ಸುಮಾರು 833 ಸೆಂಟ್. ನಮ್ಮ ಸ್ಥಾಯಿ 1200 ಸೆಂಟಿಗೆ ಮರಳಿದರೆ ಅವನದು 833ಕ್ಕೇ ಮರಳುತ್ತದೆ. ಆದ್ದರಿಂದ ಅದರಲ್ಲಿ ರಾಗವನ್ನು ಹುಡುಕಬೇಡಿ. ಒಂದೇ ಶ್ರುತಿಯನ್ನು ಆಧರಿಸಿದ ಯಕ್ಷಗಾನದ ಪದಗಳಿಗೆ ಇದು ಒಗ್ಗುವುದಿಲ್ಲ, ಒಗ್ಗಿಸಲೂ ಬಾರದು.

ಆದರೆ 388ನ್ನು ನಾಲ್ಕು ದಿನ ಕೇಳಿದ ಕಿವಿ 384 ಮತ್ತು 400ರ ಧೈವತಗಳನ್ನು ಬೇರೆ ಬೇರೆಯಾಗಿ ಗುರುತಿಸುತ್ತದೆ. ಆಮೇಲೆ ಆಟಕ್ಕೆ ಹೋಗುವಾಗ ಸ್ವಲ್ಪ ಮುಂಚೆ ಹೋಗಿ, ಶ್ರುತಿ ಸೇರಿಸುವುದನ್ನು ತಪ್ಪದೆ ಕೇಳಿ.